3ಡಿ ಮ್ಯಾಮೊಗ್ರಾಂ: ಜಾಸ್ತಿ ಕೊಟ್ಟ ದುಡ್ಡಿಗೆ ಏನು ಸಿಕ್ಕಿತು?

ಹೋದ ತಿಂಗಳು ನಾನೂ ಅಕ್ಕನೂ ಜಯನಗರದ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ 3ಡಿ ಮ್ಯಾಮೊಗ್ರಾಂ, ಅಂದರೆ ಸ್ತನ ಕ್ಯಾನ್ಸರ್ ಇದೆಯಾ ಅಂತ ನೋಡುವ ಎಕ್ಸ್‌ರೇ ಪರೀಕ್ಷೆ, ಮಾಡಿಸಿಕೊಂಡು ಬಂದೆವು. ತಲಾ 3,800 ರೂಪಾಯಿ ಆಯಿತು. ಅಲ್ಲೇ ಸಾದಾ ಡಿಜಿಟಲ್ ಮ್ಯಾಮೊಗ್ರಾಂಗೆ 2,200. ಜಾಸ್ತಿ ಕೊಟ್ಟ 1,600 ರೂಪಾಯಿಗೆ ಏನು ಸಿಕ್ಕಿತು ಅಂತ ಆಫೀಸಿನಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಸೆಂಟರ್ ಹೆಸರು ಬೇಡ. ಬೆಂಗಳೂರಿನಲ್ಲಿ ಈ ಯಂತ್ರ ಇರುವ ಜಾಗಗಳು ಈಗ ಹಲವಾರಿವೆ. ಎಲ್ಲಿಗೆ ಹೋದರೂ ಏನು ನೋಡಬೇಕು, ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಮಟ್ಟಿಗೆ ಆ ದುಡ್ಡು ಸಾರ್ಥಕ. ಅಕ್ಕನಿಗೆ ಸಾದಾ ಡಿಜಿಟಲ್ ಆಗಿದ್ದರೂ ನಡೆಯುತ್ತಿತ್ತು. ಒಂದೇ ಮನೆಯ ಇಬ್ಬರಿಗೆ ಯಾಕೆ ಹೀಗೆ ಅಂದರೆ, ಅದು ಎದೆಯ ಒಳಗಿನ ಅಂಗಾಂಶ ಎಷ್ಟು ಒತ್ತಾಗಿ, ಅಂದರೆ ದಟ್ಟವಾಗಿ, ಇದೆ ಅನ್ನುವುದರ ಮೇಲೆ ನಿಂತಿದೆ. ಈ ವಿಷಯವನ್ನು ನನಗೆ ಇದಕ್ಕೂ ಮೊದಲು ಯಾರೂ ಹೇಳಿರಲಿಲ್ಲ.

ನನಗೀಗ 46. ಎರಡು ವರ್ಷದ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ಸಾದಾ ಮ್ಯಾಮೊಗ್ರಾಂ ಮಾಡಿಸಿದ್ದೆ. ರಿಪೋರ್ಟ್‌ನಲ್ಲಿ ಎರಡೇ ಸಾಲು. ಎಡಗಡೆ ಒಂದು ಕಡೆ ನೆರಳು ಹೆಚ್ಚಾಗಿ ಕಾಣುತ್ತಿದೆ, ಮುಂದಿನ ಪರೀಕ್ಷೆ ಆಗಬೇಕು ಅಂತ. ಕೌಂಟರ್‌ನಲ್ಲಿ ಕವರ್ ಕೈಗೆ ಕೊಟ್ಟು "ಡಾಕ್ಟರ್‌ಗೆ ತೋರಿಸಿ" ಅಂದರು, ಅಷ್ಟೆ. ನಮ್ಮ ಚಿಕ್ಕಮ್ಮ ಕಿದ್ವಾಯಿ ಆಸ್ಪತ್ರೆಯಲ್ಲಿ ಆಪರೇಷನ್, ಕೀಮೋ ಎಲ್ಲ ಮಾಡಿಸಿಕೊಂಡು ಬಂದವರು. ಗಂಟು ಕೈಗೆ ಸಿಕ್ಕಿದ್ದರೂ ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇದ್ದರು. ಅದನ್ನೆಲ್ಲ ಹತ್ತಿರದಿಂದ ನೋಡಿದವಳಿಗೆ ಆ ಎರಡು ಸಾಲು ಹೇಗೆ ಕಂಡಿರಬೇಕು ಹೇಳಿ. ಅಲ್ಟ್ರಾಸೌಂಡ್ ಆಗುವ ತನಕ ನಿದ್ದೆ ಇಲ್ಲ, ಊಟ ಸೇರಲಿಲ್ಲ. ಕೊನೆಗೆ ಅಲ್ಟ್ರಾಸೌಂಡ್‌ನಲ್ಲಿ ಏನೂ ಇರಲಿಲ್ಲ. ಹಾಗಾದರೆ ಆ ನೆರಳು ಏನು? ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಈ ಸಲ ಸಿಕ್ಕಿತು. ಮುಂದೆ ಹೇಳುತ್ತೇನೆ.

ಮೊದಲು ಒತ್ತಿನ ವಿಷಯ. ಮ್ಯಾಮೊಗ್ರಾಂ ಅಂದರೆ ಕಡಿಮೆ ಶಕ್ತಿಯ ಎಕ್ಸ್‌ರೇ. ಅದರಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ. ಹಾಲಿನ ಗ್ರಂಥಿಗಳು, ಅವನ್ನು ಹಿಡಿದಿಟ್ಟ ನಾರು, ಇವು ಬೆಳ್ಳಗೆ ಕಾಣುತ್ತವೆ. ಕ್ಯಾನ್ಸರ್ ಗಂಟೂ ಬೆಳ್ಳಗೇ ಕಾಣುತ್ತದೆ. ಕೊಬ್ಬು ಜಾಸ್ತಿ ಇದ್ದರೆ ಕಪ್ಪಿನ ನಡುವೆ ಬಿಳಿ ಗಂಟು ಎದ್ದು ಕಾಣುತ್ತದೆ. ಗ್ರಂಥಿ, ನಾರು ಜಾಸ್ತಿ ಇದ್ದರೆ ಬಿಳಿಯೊಳಗೆ ಬಿಳಿ ಮುಚ್ಚಿಹೋಗುತ್ತದೆ. ಇದನ್ನು ಡೆನ್ಸಿಟಿ ಅನ್ನುತ್ತಾರೆ. ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ ಇವೆ. ಎ ಅಂದರೆ ಹೆಚ್ಚೂಕಡಿಮೆ ಪೂರಾ ಕೊಬ್ಬು, ಡಿ ಅಂದರೆ ತುಂಬಾ ಒತ್ತು. ಮುಟ್ಟಿ ನೋಡಿದರೆ ಇದು ತಿಳಿಯುವುದಿಲ್ಲ. ಗಾತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ. ಚಿತ್ರದಲ್ಲಿ ಮಾತ್ರ ಗೊತ್ತಾಗುತ್ತದೆ. ಅಮೆರಿಕದಲ್ಲಿ ನಲವತ್ತು ದಾಟಿದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ಸಿ ಅಥವಾ ಡಿ ದರ್ಜೆಯವರು. ವಯಸ್ಸು ಕಡಿಮೆ ಇದ್ದಷ್ಟೂ ಒತ್ತು ಜಾಸ್ತಿ ಇರುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಿಗಿಂತ ಸಣ್ಣ ವಯಸ್ಸಿನಲ್ಲೇ ಬರುತ್ತಿದೆ. ಹಾಗಾಗಿ ನಮಗೆ ಈ ಮಾತು ಇನ್ನೂ ಹೆಚ್ಚು ಮುಖ್ಯ.

ಒತ್ತಾದ ಎದೆ ಇದ್ದರೆ ಎರಡು ತೊಂದರೆ. ಗಂಟು ಇದ್ದರೂ ಕಾಣದೆ ಹೋಗಬಹುದು. ಕ್ಯಾನ್ಸರ್ ಬರುವ ಸಾಧ್ಯತೆಯೂ ಸ್ವಲ್ಪ ಹೆಚ್ಚು. ಅದಕ್ಕೇ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಸೆಪ್ಟೆಂಬರ್ 10ರಿಂದ ಒಂದು ನಿಯಮ ತಂದಿದೆ. ಮ್ಯಾಮೊಗ್ರಾಂ ಮಾಡಿಸಿದ ಪ್ರತಿ ಹೆಂಗಸಿಗೂ ಆಕೆಯ ಎದೆ ಒತ್ತಾಗಿದೆಯೋ ಇಲ್ಲವೋ ಅಂತ ಬರೆದು ತಿಳಿಸಲೇಬೇಕು. ನನ್ನ ಹಳೆಯ ರಿಪೋರ್ಟ್ ಮತ್ತೆ ತೆಗೆದು ಓದಿದೆ. ಅದರಲ್ಲಿ ಡೆನ್ಸಿಟಿ ಬಗ್ಗೆ ಒಂದಕ್ಷರ ಇಲ್ಲ. ಈ ಸಲದ ರಿಪೋರ್ಟ್‌ನಲ್ಲಿ ಮೊದಲ ಸಾಲೇ ಅದು. ನನ್ನದು ಸಿ, ಅಕ್ಕನದು ಬಿ.

ಇನ್ನು ಪರೀಕ್ಷೆ ಹೇಗಿತ್ತು ಅನ್ನುವುದಕ್ಕೆ ಬರುತ್ತೇನೆ.

ಮ್ಯಾಮೊಗ್ರಾಂ ಕೋಣೆಯಲ್ಲಿ ಇದ್ದವರು ಒಬ್ಬ ಹುಡುಗಿ ಟೆಕ್ನಿಷಿಯನ್. ಬಾಗಿಲಿಗೆ ಒಳಗಿನಿಂದ ಚಿಲಕ, ಮೇಲೆ ಪರದೆ. ಮುಂದೆ ತೆರೆಯುವ ಹತ್ತಿಯ ಗೌನ್ ಕೊಟ್ಟರು, ಒಗೆದು ಇಸ್ತ್ರಿ ಮಾಡಿದ್ದು. ಅಕ್ಕ ತಿಪಟೂರಿನಿಂದ ಬೆಳಗಿನ ರೈಲಿಗೆ ಬಂದವಳು. ಸ್ನಾನ ಮಾಡಿ ಪೌಡರ್ ಹಾಕಿಕೊಂಡಿದ್ದಳು. ಟೆಕ್ನಿಷಿಯನ್ ಮೊದಲು ಕೇಳಿದ್ದೇ ಅದನ್ನು. ಒದ್ದೆ ಟಿಶ್ಯೂ ಕೊಟ್ಟು ಕಂಕುಳು, ಎದೆಯ ಕೆಳಗೆಲ್ಲ ಒರೆಸಿಕೊಳ್ಳಲು ಹೇಳಿದರು. ಪೌಡರ್, ಡಿಯೋಡರೆಂಟ್ ಕಣಗಳು ಚಿತ್ರದಲ್ಲಿ ಸಣ್ಣ ಬಿಳಿ ಚುಕ್ಕೆಗಳಾಗಿ ಕಾಣುತ್ತವಂತೆ. ಕ್ಯಾನ್ಸರ್‌ನ ಶುರುವಿನಲ್ಲಿ ಕಾಣಿಸಬಹುದಾದ ಸುಣ್ಣದ ಚುಕ್ಕೆಗಳೂ ಹಾಗೇ ಇರುತ್ತವೆ. ಸುಮ್ನೆ ಗೊಂದಲ ಆಗುತ್ತದೆ.

ಆಮೇಲೆ ಸರದ ಮಾತು ಬಂತು. "ಅಮ್ಮಾ, ಸರ ತೆಗೀಬೇಕಾಗತ್ತೆ" ಅಂದರು. ಅಕ್ಕ ತಾಳಿ ಹಿಡಿದುಕೊಂಡು ನಿಂತುಬಿಟ್ಟಳು. "ಮದುವೆ ಆದಾಗಿಂದ ತೆಗೆದಿಲ್ಲ ಕಣಮ್ಮ." ನಾನು ಬಾಯಿ ಹಾಕುವಷ್ಟರಲ್ಲಿ ಆ ಹುಡುಗಿ "ಆಯ್ತು ಅಮ್ಮಾ, ತೆಗೀಬೇಡಿ. ಹಿಂದಕ್ಕೆ ಹಾಕಿ ಕಟ್ತೀನಿ, ಮುಂದೆ ಬರದೆ ಇದ್ರೆ ಆಯ್ತು" ಅಂದರು. ಕರಿಮಣಿ ಸರವನ್ನು ಪೂರ್ತಿ ಬೆನ್ನ ಕಡೆ ತಿರುಗಿಸಿದರು. ಎರಡೂ ತಾಳಿಬೊಟ್ಟು ಸೇರಿಸಿ ಒಂದು ತುಂಡು ಗಾಜ್ ಬಟ್ಟೆಯಲ್ಲಿ ಸುತ್ತಿದರು. ಎರಡು ರೆಕ್ಕೆಯ ಮೂಳೆಗಳ ನಡುವೆ ಇಟ್ಟು ಮೇಲೆ ಟೇಪ್ ಅಂಟಿಸಿದರು. ಕಂಕುಳ ಹತ್ತಿರ ಒಂದು ಮಣಿಯೂ ಬಂದಿಲ್ಲ ಅಂತ ಕೈಯಾಡಿಸಿ ನೋಡಿದರು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಇರದಿದ್ದರೆ ಅಕ್ಕ ಪರೀಕ್ಷೆಯೇ ಬೇಡ ಅಂತ ವಾಪಸ್ ಬರುತ್ತಿದ್ದಳು. ಅವಳು ನನಗೆ ಗೊತ್ತು. ಎಷ್ಟು ಕೋಟಿಯ ಯಂತ್ರ ತಂದಿಟ್ಟರೂ ಅದರ ಮುಂದೆ ಹೆಂಗಸನ್ನು ನಿಲ್ಲಿಸುವವರು ಇಂಥವರೇ. ಈ ಹುಡುಗಿಗೆ ನನ್ನ ಪೂರ್ತಿ ಅಂಕ.

ನೋವು ಆಗುತ್ತದಾ? ಆಗುತ್ತದೆ. ಕೆಳಗೆ ಒಂದು ತಟ್ಟೆ, ಮೇಲಿನಿಂದ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ, ನಡುವೆ ಎದೆಯನ್ನಿಟ್ಟು ಒತ್ತುತ್ತಾರೆ. ಚೆನ್ನಾಗಿಯೇ ಒತ್ತುತ್ತಾರೆ. ಒತ್ತಿದಷ್ಟೂ ಅಂಗಾಂಶ ತೆಳ್ಳಗೆ ಹರಡುತ್ತದೆ, ಕಡಿಮೆ ವಿಕಿರಣ ಸಾಕಾಗುತ್ತದೆ, ಅಲುಗಾಡಿ ಚಿತ್ರ ಮಸುಕಾಗುವುದಿಲ್ಲ. ಪ್ರತಿ ಕಡೆಗೆ ಎರಡು ಸಲ: ಮೇಲಿನಿಂದ ಒಂದು, ಕಂಕುಳ ತನಕ ಸೇರುವ ಹಾಗೆ ಓರೆಯಾಗಿ ಒಂದು. ಓರೆಯಾಗಿ ಒತ್ತಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಅಕ್ಕನಿಗೆ ಅಷ್ಟೇನೂ ಆಗಲಿಲ್ಲ. ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ನೋವು ಕಡಿಮೆ. ಇನ್ನೂ ಮುಟ್ಟಾಗುವವರು ಅದು ಶುರುವಾದ ಮೇಲಿನ ವಾರದಲ್ಲಿ ಹೋಗಿ. ಆಗ ಎದೆ ಬಿಗಿ ಇರುವುದಿಲ್ಲ.

3ಡಿಯಲ್ಲಿ ವ್ಯತ್ಯಾಸ ಇಷ್ಟು. ಸಾದಾ ಯಂತ್ರದಲ್ಲಿ ಎಕ್ಸ್‌ರೇ ಬಿಡುವ ಟ್ಯೂಬ್ ಒಂದೇ ಕಡೆ ನಿಂತು ಒಂದು ಚಿತ್ರ ತೆಗೆಯುತ್ತದೆ. ಇದರಲ್ಲಿ ಎದೆಯನ್ನು ಒತ್ತಿ ಹಿಡಿದಿರುವಾಗಲೇ ಟ್ಯೂಬ್ ಆ ಕಡೆಯಿಂದ ಈ ಕಡೆಗೆ ಬಾಗಿ ಸರಿಯುತ್ತಾ ಬೇರೆ ಬೇರೆ ಕೋನದಿಂದ ಹಲವು ಚಿತ್ರ ತೆಗೆಯುತ್ತದೆ. ಕಂಪನಿಗೊಂದು ಲೆಕ್ಕ. ಹೋಲಾಜಿಕ್ ಯಂತ್ರ 15 ಡಿಗ್ರಿ ಸರಿಯುತ್ತದೆ, ಸೀಮೆನ್ಸ್‌ನದು 50 ಡಿಗ್ರಿ. ಕೆಲವು ಸೆಕೆಂಡು ಹೆಚ್ಚು ಹೊತ್ತು ಉಸಿರು ಬಿಗಿಹಿಡಿಯಬೇಕು, ಅಷ್ಟೆ. ಮುಗಿದ ತಕ್ಷಣ ತಟ್ಟೆ ತಾನಾಗಿಯೇ ಸಡಿಲವಾಗುತ್ತದೆ. ಆಮೇಲೆ ಕಂಪ್ಯೂಟರ್ ಆ ಚಿತ್ರಗಳನ್ನೆಲ್ಲ ಕೂಡಿಸಿ ಸುಮಾರು ಒಂದೊಂದು ಮಿಲಿಮೀಟರ್ ದಪ್ಪದ ಪದರಗಳಾಗಿ ಬಿಡಿಸಿ ಕೊಡುತ್ತದೆ. ಸೌತೆಕಾಯಿಯನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದ ಹಾಗೆ. ಇದಕ್ಕೆ ಟೊಮೊಸಿಂಥೆಸಿಸ್ ಅಂತ ಹೆಸರು. ಬಿಲ್ಲಿನಲ್ಲಿ ಹಾಗೇ ಬರೆದಿರುತ್ತಾರೆ, ಗಾಬರಿ ಬೇಡ. ಅಮೆರಿಕದಲ್ಲಿ ಮೊದಲ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ.

ನನ್ನ ಹಳೆಯ ನೆರಳಿಗೆ ಉತ್ತರ ಸಿಕ್ಕಿದ್ದು ಈ ಪದರಗಳಲ್ಲೇ. ರೇಡಿಯಾಲಜಿಸ್ಟ್, ಅಂದರೆ ಚಿತ್ರ ಓದಿ ರಿಪೋರ್ಟ್ ಬರೆಯುವ ಡಾಕ್ಟರ್, ಒಬ್ಬ ಮೇಡಂ. ನಾನು ಕೇಳಿದೆ ಅಂತ ಒಳಗೆ ಕರೆದು ತೋರಿಸಿದರು. ನನ್ನ ಹಳೆಯ ಫಿಲ್ಮ್ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಎಡಗಡೆ ಹೊರಭಾಗದಲ್ಲಿ ಉಗುರಿನಷ್ಟು ಬಿಳಿ ಮಬ್ಬು. ಪಕ್ಕದ ಪರದೆಯಲ್ಲಿ ಹೊಸ ಚಿತ್ರದ ಅದೇ ಜಾಗ. ಮೌಸ್‌ನ ಚಕ್ರ ನಿಧಾನಕ್ಕೆ ತಿರುಗಿಸಿದರು. ಮೇಲಿನ ಪದರಗಳಲ್ಲಿ ಒಂದು ಬಿಳಿ ಎಳೆ ಅಡ್ಡಡ್ಡ ಬಂತು, ಹಾಗೇ ಮರೆಯಾಯಿತು. ಸುಮಾರು ಪದರಗಳು ದಾಟಿದ ಮೇಲೆ ಕೆಳಗಡೆ ಇನ್ನೊಂದು ಎಳೆ ಉದ್ದುದ್ದ ಬಂತು. ನಡುವೆ ಏನೂ ಇಲ್ಲ, ಬರೀ ಕಪ್ಪು. "ಇವೆರಡೂ ಒಂದರ ಮೇಲೊಂದು ಕೂತಿದ್ವು ನೋಡಿ. ಸಾದಾ ಚಿತ್ರದಲ್ಲಿ ಅದೇ ಗಂಟಿನ ಥರ ಕಂಡಿರೋದು" ಅಂದರು. ಎರಡು ವರ್ಷ ನನ್ನ ತಲೆಯಲ್ಲಿ ಕೂತಿದ್ದ ಭಯ ಅಲ್ಲಿ ಪರದೆ ಮೇಲೆ ಬಿಡಿಸಿಕೊಂಡಿತು. ನನಗೆ ಆ 1,600 ರೂಪಾಯಿ ಸಾರ್ಥಕ ಅನ್ನಿಸಿದ್ದು ಆಗಲೇ.

ಇದು ನನ್ನೊಬ್ಬಳ ಅನುಭವ ಅಲ್ಲ. ಅಮೆರಿಕದ 13 ಕೇಂದ್ರಗಳಲ್ಲಿ ನಡೆದ 4.5 ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬಂತು. ಸಾದಾ ಡಿಜಿಟಲ್ ಒಂದೇ ಇದ್ದಾಗ 1,000 ಪರೀಕ್ಷೆಗೆ 107 ಹೆಂಗಸರನ್ನು ಮತ್ತೆ ಕರೆಸುತ್ತಿದ್ದರು. 3ಡಿ ಸೇರಿಸಿದ ಮೇಲೆ ಅದು 91ಕ್ಕೆ ಇಳಿಯಿತು. ಸುತ್ತಲಿನ ಅಂಗಾಂಶಕ್ಕೆ ಹರಡುವ ಬಗೆಯ ಕ್ಯಾನ್ಸರ್ ಸಿಕ್ಕಿದ್ದು 1,000ಕ್ಕೆ 2.9 ಇದ್ದದ್ದು 4.1 ಆಯಿತು. ಅಂದರೆ ಸುಳ್ಳು ಗಾಬರಿ ಕಡಿಮೆ, ನಿಜವಾದ ಕಾಯಿಲೆ ಸಿಗುವುದು ಜಾಸ್ತಿ. ಈ ಎರಡೂ ಒಟ್ಟಿಗೆ ಆಗುವುದು ಅಪರೂಪ. ಸಾಮಾನ್ಯವಾಗಿ ಹೆಚ್ಚು ಹಿಡಿಯಲು ಹೋದರೆ ಗಾಬರಿಯೂ ಹೆಚ್ಚುತ್ತದೆ.

ವಿಕಿರಣದ ಬಗ್ಗೆ ಒಂದು ಮಾತು ಮಾತ್ರ ಕೇಳಿಯೇ ಹೋಗಿ. ಮೊದಲೆಲ್ಲ 3ಡಿ ಜೊತೆಗೆ ಸಾದಾ ಚಿತ್ರವನ್ನೂ ಬೇರೆ ತೆಗೆಯುತ್ತಿದ್ದರು. ಆಗ ವಿಕಿರಣ ಹೆಚ್ಚೂಕಡಿಮೆ ಎರಡರಷ್ಟು ಬೀಳುತ್ತಿತ್ತು. ಈಗ 3ಡಿ ಪದರಗಳಿಂದಲೇ ಸಾದಾ ಚಿತ್ರವನ್ನು ಕಂಪ್ಯೂಟರ್ ಕಟ್ಟಿಕೊಡುತ್ತದೆ. 2013ರಿಂದ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಇದೆ. ಫೋನ್ ಮಾಡಿದಾಗ "ಸಾದಾ ಚಿತ್ರ ಬೇರೆ ತೆಗೀತೀರಾ, 3ಡಿಯಿಂದಲೇ ಮಾಡ್ತೀರಾ?" ಅಂತ ಕೇಳಿ. ನಾವು ಹೋದ ಕಡೆ 3ಡಿಯಿಂದಲೇ ಮಾಡುತ್ತಾರೆ. ಸಾದಾ ಮ್ಯಾಮೊಗ್ರಾಂನ ವಿಕಿರಣವೇ ತುಂಬಾ ಕಡಿಮೆ. ನಮಗೆ ಮಣ್ಣು, ಆಕಾಶದಿಂದ ಏಳು ವಾರದಲ್ಲಿ ಸಹಜವಾಗಿ ಬೀಳುವಷ್ಟು. ಅದಕ್ಕೆ ಹೆದರಿ ಪರೀಕ್ಷೆ ಬಿಡುವುದು ಸರಿಯಲ್ಲ.

ಈಗ ಹಿಡಿಸದ ವಿಷಯಗಳು. ಫೋನಿನಲ್ಲಿ 3,500 ಅಂದಿದ್ದರು, ಕೌಂಟರ್‌ಗೆ ಹೋದಾಗ 3,800 ಆಯಿತು. ಕಾಯುವ ಜಾಗ ಎಲ್ಲ ಸ್ಕ್ಯಾನ್‌ಗಳಿಗೂ ಒಂದೇ. ಎದುರು ಬೆಂಚಿನಲ್ಲಿ ಗಂಡಸರು ಕೂತಿರುತ್ತಾರೆ, ಕೌಂಟರ್‌ನವರು "ಮ್ಯಾಮೋ ಯಾರು?" ಅಂತ ಜೋರಾಗಿ ಕೂಗುತ್ತಾರೆ. ಅಕ್ಕನಿಗೆ ತುಂಬಾ ಮುಜುಗರವಾಯಿತು. ಟೋಕನ್ ನಂಬರ್ ಕರೆದರೆ ಆಗುವುದಿಲ್ಲವಾ? ಚಿತ್ರಗಳನ್ನು ಸಿಡಿಯಲ್ಲಿ ಕೊಟ್ಟರು. ಈಗ ಯಾರ ಮನೆಯಲ್ಲಿ ಸಿಡಿ ಹಾಕುವ ಕಂಪ್ಯೂಟರ್ ಇದೆ? ಕೇಳಿದ ಮೇಲೆ ಮೊಬೈಲಿಗೆ ಲಿಂಕ್ ಕಳಿಸಿದರು. ಲಿಂಕ್ ಕೇಳಿ ಪಡೆಯಿರಿ, ತೆಗೆದು ಜೋಪಾನವಾಗಿಡಿ. ಮುಂದಿನ ಸಲ ಹೋಲಿಸಿ ನೋಡಲು ಹಳೆಯ ಚಿತ್ರ ಇದ್ದರೆ ಡಾಕ್ಟರ್‌ಗೆ ಅರ್ಧ ಕೆಲಸ ಆದಂತೆ. ಹಳೆಯ ಫಿಲ್ಮ್ ತನ್ನಿ ಅಂತ ಬುಕಿಂಗ್‌ನಲ್ಲೇ ಹೇಳಿದ್ದರು. ಅದು ಈ ಸೆಂಟರ್‌ನ ಒಳ್ಳೆಯ ಗುಣ.

ಎಐ, ಅಂದರೆ ಚಿತ್ರವನ್ನು ಕಂಪ್ಯೂಟರೇ ಓದುವ ಕೃತಕ ಬುದ್ಧಿಮತ್ತೆ, ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಕೌಂಟರ್‌ನಲ್ಲಿ "600 ರೂಪಾಯಿ ಸೇರಿಸಿದ್ರೆ ಎಐ ರಿಪೋರ್ಟ್ ಕೂಡ ಬರತ್ತೆ ಮೇಡಂ" ಅಂದರು. ನಾನು ಬೇಡ ಅಂದೆ. ಎಐ ಕೆಲಸಕ್ಕೆ ಬಾರದ್ದು ಅಂತ ಅಲ್ಲ. ಸ್ವೀಡನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಮಸಾಯ್ ಅನ್ನುವ ದೊಡ್ಡ ಪ್ರಯೋಗ ನಡೆದಿದೆ. ಅಲ್ಲಿ ವಾಡಿಕೆ ಪ್ರಕಾರ ಪ್ರತಿ ಮ್ಯಾಮೊಗ್ರಾಂ ಅನ್ನು ಇಬ್ಬರು ರೇಡಿಯಾಲಜಿಸ್ಟ್‌ಗಳು ಓದುತ್ತಾರೆ. ಪ್ರಯೋಗದಲ್ಲಿ ಎಐ ಮೊದಲು ನೋಡಿ ಕ್ಯಾನ್ಸರ್ ಇರುವ ಸಾಧ್ಯತೆಗೆ 1ರಿಂದ 10ರ ತನಕ ಅಂಕ ಕೊಟ್ಟಿತು. 10 ಬಂದದ್ದನ್ನು ಇಬ್ಬರು ಓದಿದರು, ಉಳಿದದ್ದನ್ನು ಒಬ್ಬರು. ಕ್ಯಾನ್ಸರ್ ಸಿಕ್ಕಿದ್ದು ಶೇಕಡಾ 29ರಷ್ಟು ಹೆಚ್ಚು, ಓದುವ ಕೆಲಸ ಶೇಕಡಾ 44ರಷ್ಟು ಕಡಿಮೆ. ನಿಜವಾಗಿಯೂ ದೊಡ್ಡ ಸಂಗತಿ. ಆದರೆ ಅಲ್ಲಿ ಎಐ ಇದ್ದದ್ದು ಡಾಕ್ಟರ್ ಜೊತೆಗೆ, ಅವರ ಕೆಲಸದ ಒಳಗೆ. ಬಿಲ್ಲಿನಲ್ಲಿ ಬೇರೆ ಸಾಲಾಗಿ ಅಲ್ಲ. ನಾನು ಕೌಂಟರ್‌ನಲ್ಲಿ ಕೇಳಿದೆ: ಎಐ ಹೇಳಿದ್ದನ್ನು ಮೇಡಂ ನೋಡಿ ತಮ್ಮ ರಿಪೋರ್ಟ್ ಬರೆಯುತ್ತಾರಾ? ಇಬ್ಬರ ಅಭಿಪ್ರಾಯ ಬೇರೆ ಆದರೆ ಯಾರ ಮಾತು? ಉತ್ತರ ಇರಲಿಲ್ಲ. ಎರಡು ಬೇರೆ ಬೇರೆ ಕಾಗದ ಬರುತ್ತದಂತೆ. ಎರಡು ಕಾಗದ ಎರಡು ಥರ ಹೇಳಿದರೆ ಹೆಂಗಸು ರಾತ್ರಿಯೆಲ್ಲ ಯಾವುದನ್ನು ನಂಬಿಕೊಂಡು ಕೂರಬೇಕು? ಡಾಕ್ಟರ್ ಓದಿನೊಳಗೇ ಎಐ ಸೇರಿಸಿಕೊಂಡಿರುವ ಸೆಂಟರ್ ಸಿಕ್ಕಿದರೆ ನಾನೇ ದುಡ್ಡು ಕೊಟ್ಟು ಮಾಡಿಸುತ್ತೇನೆ.

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎದೆ ಪರೀಕ್ಷೆಗೆ ಥರ್ಮಲ್ ಕ್ಯಾಮೆರಾ, ಅಂದರೆ ಮೈಯ ಬಿಸಿಯನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾ, ಇಟ್ಟುಕೊಂಡು ಕ್ಯಾಂಪ್ ಆಗಿತ್ತು. ಒತ್ತುವುದಿಲ್ಲ, ಮುಟ್ಟುವುದಿಲ್ಲ, ವಿಕಿರಣ ಇಲ್ಲ. ಹಾಗಾಗಿ ಜನ ಇಷ್ಟಪಟ್ಟರು. ಥರ್ಮಲ್ ಚಿತ್ರವನ್ನು ಎಐಯಿಂದ ಓದಿಸುವ ಕೆಲಸವನ್ನು ನಮ್ಮ ಬೆಂಗಳೂರಿನದೇ ಆದ ನಿರಾಮೈ ಕಂಪನಿ ಮಾಡುತ್ತಿದೆ. ಅದನ್ನು ಶುರು ಮಾಡಿದವರು ಗೀತಾ ಮಂಜುನಾಥ್. ಊರೂರಿಗೆ ಒಯ್ಯಬಹುದಾದ ಸಾಧನ, ಹೆಮ್ಮೆಯ ವಿಷಯವೇ. ಆದರೂ ಒಂದು ಮಾತು ನೆನಪಿರಲಿ. ಥರ್ಮಲ್ ಚಿತ್ರ ಮ್ಯಾಮೊಗ್ರಾಂಗೆ ಬದಲಿ ಅಲ್ಲ ಅಂತ ಎಫ್‌ಡಿಎ 2019ರಲ್ಲಿ ಸ್ಪಷ್ಟವಾಗಿ ಎಚ್ಚರಿಸಿದೆ. ಕ್ಯಾಂಪ್‌ನಲ್ಲಿ "ಏನೂ ಇಲ್ಲ" ಅಂದರು ಅಂತ ಮ್ಯಾಮೊಗ್ರಾಂ ಬಿಡಬೇಡಿ. ನಮ್ಮ ಪಕ್ಕದ ಮನೆಯವರಿಗೆ ಇದನ್ನೇ ಹೇಳಿ ಹೇಳಿ ಒಪ್ಪಿಸಿದ್ದೇನೆ.

3ಡಿಗೂ ಮಿತಿ ಇದೆ. ಡಿ ದರ್ಜೆಯವರಿಗೆ, ಅಂದರೆ ತುಂಬಾ ಒತ್ತಾದವರಿಗೆ, ಇದೂ ಸಾಲದೆ ಹೋಗಬಹುದು. ನೆದರ್ಲೆಂಡ್ಸ್‌ನಲ್ಲಿ ಮ್ಯಾಮೊಗ್ರಾಂ ಸರಿಯಾಗಿಯೇ ಬಂದಿದ್ದ, ಆದರೆ ಎದೆ ತುಂಬಾ ಒತ್ತಾಗಿದ್ದ ಹೆಂಗಸರಲ್ಲಿ ಕೆಲವರನ್ನು ಎಂಆರ್‌ಐಗೆ ಕರೆದರು. ಮುಂದಿನ ಪರೀಕ್ಷೆಗೆ ಮುಂಚೆಯೇ ಕಾಣಿಸಿಕೊಳ್ಳುವ ಕ್ಯಾನ್ಸರ್, ಎಂಆರ್‌ಐಗೆ ಕರೆದ ಗುಂಪಿನಲ್ಲಿ 1,000ಕ್ಕೆ 2.5, ಕರೆಯದ ಗುಂಪಿನಲ್ಲಿ 5. 2019ರಲ್ಲಿ ಬಂದ ಫಲಿತಾಂಶ ಇದು. ಎಂಆರ್‌ಐ ದುಬಾರಿ, ಎಲ್ಲರಿಗೂ ಬೇಕಿಲ್ಲ. ಆದರೆ ನಿಮ್ಮದು ಡಿ ಅಂತ ಗೊತ್ತಿದ್ದರೆ ತಾನೇ ಡಾಕ್ಟರ್ ಹತ್ತಿರ ಆ ಮಾತು ತೆಗೆಯಲು ಆಗುವುದು? ಅದಕ್ಕೇ ಡೆನ್ಸಿಟಿ ಸಾಲು ಇಲ್ಲದ ರಿಪೋರ್ಟ್ ವಾಪಸ್ ಕೊಟ್ಟು "ಬರೆದು ಕೊಡಿ" ಅಂತ ಕೇಳಿ. ಅದು ನಮ್ಮ ಹಕ್ಕು ಅಂತಲೇ ನಾನು ತಿಳಿದಿದ್ದೇನೆ.

ವಾಪಸ್ ಬರುವಾಗ ಅಕ್ಕ ಕೇಳಿದಳು, "ನಮ್ಮೂರ ಹೆಂಗಸ್ರು ಇಲ್ಲಿಗೆಲ್ಲ ಹೇಗೆ ಬರ್ತಾರೆ ಹೇಳು?" ನಿಜವೇ. ತೋಟದ ಕೆಲಸ ಬಿಟ್ಟು, ರೈಲು ಹತ್ತಿ, 3,800 ಕೊಡಲು ಎಷ್ಟು ಜನಕ್ಕೆ ಆಗುತ್ತದೆ? ಅವಳಿಗೆ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಮಾಡಿದ ಕೆಲಸದ ಬಗ್ಗೆ ಹೇಳಿದೆ. ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಕೊಟ್ಟರು. ಯಂತ್ರ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಎದೆ ಪರೀಕ್ಷೆ ಮಾಡಿದರು. ಉಳಿದವರಿಗೆ ಹೋಲಿಸಿದರೆ ಈ ಗುಂಪಿನ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾಯುವುದು ಸುಮಾರು ಶೇಕಡಾ 30ರಷ್ಟು ಕಡಿಮೆಯಾಯಿತು. 50ರ ಒಳಗಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 30 ದಾಟಿದ ಹೆಂಗಸರಿಗೆ ಈ ಕೈ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಹಾಗಾಗಿ ಯಂತ್ರ ಹತ್ತಿರ ಇಲ್ಲದವರು ಸುಮ್ಮನೆ ಕೂರಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬೇಕು. ಅಕ್ಕ ತನ್ನ ಸ್ತ್ರೀಶಕ್ತಿ ಸಂಘದಲ್ಲಿ ಈ ವಿಷಯ ತೆಗೆಯುತ್ತೇನೆ ಅಂದಿದ್ದಾಳೆ.

ರಿಪೋರ್ಟ್ ಮರುದಿನ ಸಂಜೆ ಬಂತು. ಇಂಗ್ಲಿಷಿನಲ್ಲೇ ಇತ್ತು. ಕೊನೆಯಲ್ಲಿ ಬೈರಾಡ್ಸ್ ಅಂತ ಒಂದು ಅಂಕಿ ಇರುತ್ತದೆ, ಮೊದಲು ಅದನ್ನು ನೋಡಿ. 1 ಅಂದರೆ ಏನೂ ಇಲ್ಲ. 2 ಅಂದರೆ ಇರುವುದು ನಿರಪಾಯ. 3 ಬಂದರೆ ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4, 5 ಬಂದರೆ ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆ ಮಾಡಬೇಕು. 0 ಬಂದರೆ ಕ್ಯಾನ್ಸರ್ ಅಂತ ಅಲ್ಲ. ಇದ್ದ ಚಿತ್ರ ಸಾಲದು, ಇನ್ನೊಂದು ಪರೀಕ್ಷೆ ಬೇಕು ಅಂತ ಮಾತ್ರ. ನನ್ನ ಹಳೆಯ ರಿಪೋರ್ಟ್‌ನಲ್ಲಿ ಇದ್ದದ್ದು ಅದೇ 0. ಇದನ್ನು ಒಬ್ಬರು ಆವತ್ತು ಒಂದು ನಿಮಿಷ ನಿಂತು ಹೇಳಿದ್ದರೆ ಸಾಕಾಗಿತ್ತು. ಈ ಸಲ ನನ್ನದು 1, ಅಕ್ಕನದು 2. ಅವಳಿಗೆ ಹಳೆಯ ಸಣ್ಣ ಸುಣ್ಣದ ಚುಕ್ಕೆ ಒಂದಿದೆ, ಏನೂ ತೊಂದರೆ ಇಲ್ಲ.

ಹೋಗುವವರಿಗೆ: ಶನಿವಾರ ಬೇಡ, ತುಂಬಾ ಜನ ಇರುತ್ತಾರೆ. ವಾರದ ದಿನ ಬೆಳಿಗ್ಗೆ ಬೇಗ ಹೋದರೆ ರೇಡಿಯಾಲಜಿಸ್ಟ್ ಇರುತ್ತಾರೆ, ಚಿತ್ರ ತೋರಿಸಿ ಅಂತ ಕೇಳಬಹುದು. ಸೀರೆ ಅಥವಾ ಪ್ಯಾಂಟು-ಟಾಪ್ ಹಾಕಿಕೊಂಡು ಹೋಗಿ, ಸೊಂಟದ ಮೇಲಿನ ಬಟ್ಟೆ ಮಾತ್ರ ತೆಗೆದರೆ ಸಾಕಾಗುತ್ತದೆ. ಪೌಡರ್ ಬೇಡ. ಹಳೆಯ ಚಿತ್ರ ಮರೆಯಬೇಡಿ. ಕೈಗೆ ಗಂಟು ಸಿಕ್ಕಿದ್ದರೆ, ಮೊಲೆತೊಟ್ಟಿನಿಂದ ರಕ್ತ ಬರುತ್ತಿದ್ದರೆ ಸ್ಕ್ರೀನಿಂಗ್ ಪ್ಯಾಕೇಜ್ ಅಂತೆಲ್ಲ ನೋಡುತ್ತಾ ಕೂರದೆ ನೇರ ಡಾಕ್ಟರ್ ಹತ್ತಿರ ಹೋಗಿ.